ಮೊದಲ ಸಲ ಒತ್ತಿದ್ರೆ ಬ್ರೇಕ್ ಪೆಡಲ್ ನೆಲಕ್ಕೆ, ಎರಡನೇ ಸಲಕ್ಕೆ ಗಟ್ಟಿ: 1930 ಮಾಡೆಲ್ ಎ ಹಾಟ್ ರಾಡ್

ಕೂಪೆ30:
ತಲೆ ಕೆಟ್ಟು ಹೋಗಿದೆ. 1930ರ ಫೋರ್ಡ್ ಮಾಡೆಲ್ ಎ ಕೂಪೆ, ಮನೆಯಲ್ಲೇ ಹಾಟ್ ರಾಡ್ ಆಗಿ, ಅಂದ್ರೆ ಹಳೇ ಕಾರಿಗೆ ಹೊಸ ಭಾಗ ಹಾಕಿ, ಕಟ್ಟಿದ್ದು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋದು) ಹೊಸದು. ಮೊದಲ ಸಲ ಪೆಡಲ್ ನೆಲ ಮುಟ್ಟುತ್ತೆ, ತಕ್ಷಣ ಇನ್ನೊಮ್ಮೆ ಒತ್ತಿದ್ರೆ ಕಲ್ಲು. ಐದು ನಿಮಿಷ ಬಿಟ್ರೆ ಮತ್ತೆ ಅದೇ. ನಾಲ್ಕು ಸಲ ಲೈನಿಂದ ಏರ್ ತೆಗೆದಾಯ್ತು. ಬೂಸ್ಟರ್ (ಎಂಜಿನ್ ವ್ಯಾಕ್ಯೂಮ್‌ನಿಂದ ಪೆಡಲ್ ಹಗುರ ಮಾಡೋ ಸಾಧನ) ಹಾಕಿದ್ರೆ ಸರಿಹೋಗುತ್ತಾ? ಹೇಗೂ ಫ್ಲೋರ್ ಬಿಚ್ಚಿದೆ, ಸೌಂಡಿಗೂ ಶಾಖಕ್ಕೂ ಈಗಲೇ ಏನಾದ್ರೂ ಮಾಡ್ಬೇಕು. ಫೀನಿಕ್ಸ್ ಬಿಸಿಲಲ್ಲಿ ಫ್ಲೋರ್ ಮೇಲೆ ಕಾಲಿಡೋಕಾಗಲ್ಲ.

ಹೈಬಾಯ್_32:
ಮಾಸ್ಟರ್ ಸಿಲಿಂಡರ್ ಎಲ್ಲಿದೆ, ಫೈರ್‌ವಾಲ್ (ಎಂಜಿನ್‌ಗೂ ಕೂರೋ ಜಾಗಕ್ಕೂ ನಡುವಿನ ಗೋಡೆ) ಮೇಲೋ ಫ್ಲೋರ್ ಕೆಳಗೋ? ಅದನ್ನೇ ಹೇಳಿಲ್ವಲ್ಲ ಸರ್. ಕೆಳಗಿದ್ರೆ ಕ್ಯಾಲಿಪರ್‌ಗಿಂತ (ಡಿಸ್ಕ್ ಮೇಲೆ ಪ್ಯಾಡ್ ಒತ್ತೋ ಭಾಗ) ತಗ್ಗಲ್ಲಿರುತ್ತೆ, ಬ್ರೇಕ್ ಆಯಿಲ್ ವಾಪಸ್ ಇಳಿಯುತ್ತೆ. ಲೈನಲ್ಲಿ ಸ್ವಲ್ಪ ಒತ್ತಡ ಉಳಿಸೋ ರೆಸಿಡ್ಯುಯಲ್ ವಾಲ್ವ್ ಬೇಕೇ ಬೇಕು: ಡಿಸ್ಕ್ ಲೈನಿಗೆ 2 ಪಿಎಸ್‌ಐ (ಒತ್ತಡದ ಅಳತೆ), ಡ್ರಮ್ ಲೈನಿಗೆ 10.

ಕೂಪೆ30:
ಫ್ಲೋರ್ ಕೆಳಗೇ, ಇನ್ನೆಲ್ಲಿ? 2 ಮತ್ತು 10 ಎರಡೂ ಹಾಕಿದೀನಿ. ಹಿಂದೆ ಫೋರ್ಡ್ 9 ಇಂಚಿನ ಆಕ್ಸಲ್, 11 ಇಂಚಿನ ಡ್ರಮ್.

ಹೈಬಾಯ್_32:
ಹಾಗಾದ್ರೆ ವಾಲ್ವ್ ಉಲ್ಟಾ ಇರುತ್ತೆ. ಬಾಣ ಚಕ್ರದ ಕಡೆ ಇರಬೇಕು. ಅದಲ್ಲದಿದ್ರೆ ಎರಡೂ ಅದಲು ಬದಲಾಗಿವೆ. 10ರದ್ದು ಡಿಸ್ಕ್‌ಗೆ ಹೋದ್ರೆ ಪ್ಯಾಡ್ ಬಿಡದೆ ಉಜ್ಜಿ ಡಿಸ್ಕ್ ಬಿಸಿಯಾಗುತ್ತೆ.

ಡ್ರಮ್_ಪ್ರೇಮಿ:
ವಾಲ್ವ್ ಪಕ್ಕಕ್ಕಿಡಿ. ಎರಡನೇ ಸಲಕ್ಕೆ ಗಟ್ಟಿ ಅಂದ್ರೆ ಮೊದಲು ನೋಡೋದು ಹಿಂದಿನ ಶೂಗೂ (ಡ್ರಮ್ ಒಳಗೆ ಒತ್ತೋ ಬ್ರೇಕ್ ಪಟ್ಟಿ) ಡ್ರಮ್‌ಗೂ ನಡುವಿನ ಗ್ಯಾಪ್. ಮೊದಲ ಒತ್ತಿಗೆ ಹೋದ ಆಯಿಲೆಲ್ಲ ಶೂನ ಡ್ರಮ್‌ವರೆಗೆ ತಳ್ಳೋಕೇ ಮುಗಿಯುತ್ತೆ.

ಹೈಬಾಯ್_32:
ವಾಲ್ವ್ ಹಾಳಾಗಿದ್ರೂ ಇದೇ ಲಕ್ಷಣ. ಎರಡನ್ನೂ ಬದಲಾಯಿಸಿ ನೋಡಿ.

ನಿಕಲ್_ಪೈಪ್:
ಯಾವ ಆಯಿಲ್? ಡಾಟ್ 5 ಸಿಲಿಕೋನ್ ಆದ್ರೆ ಡಬ್ಬ ಅಲ್ಲಾಡಿಸಿ ಸುರಿದಿರ್ತೀರ. ಸಣ್ಣ ಗುಳ್ಳೆ ಗಂಟೆಗಟ್ಟಲೆ ಹೋಗಲ್ಲ.

ಹೈಬಾಯ್_32:
ಸಿಲಿಕೋನ್ ಪೇಂಟ್ ತಿನ್ನಲ್ಲ. ಶೋ ಕಾರಿಗೆ ಅದೇ ಸರಿ.

ನಿಕಲ್_ಪೈಪ್:
ಪೇಂಟ್ ಉಳೀಲಿ, ನೀರು ಎಲ್ಲಿ ಹೋಗುತ್ತೆ? ಸಿಲಿಕೋನ್ ನೀರನ್ನ ಸೇರಿಸಿಕೊಳ್ಳಲ್ಲ, ಅದು ತಗ್ಗಿನಲ್ಲಿ ನಿಂತು ಅಲ್ಲೇ ತುಕ್ಕು ಹಿಡಿಸುತ್ತೆ. ಡಾಟ್ 5.1 ಅದೇ ಜಾತಿ ಅಂದ್ಕೊಂಡು ಬೆರೆಸಬೇಡಿ, ಅದು ಗ್ಲೈಕಾಲ್.

ಡ್ರಮ್_ಪ್ರೇಮಿ:
ಅವರು ಯಾವ ಆಯಿಲ್ ಅಂತಾನೇ ಹೇಳಿಲ್ಲ, ಇದಕ್ಕೆ ಬೇರೆ ಚರ್ಚೆ ತೆಗೀರಿ. ಕೂಪೆ30, ಚಾಸಿಸ್‌ನಿಂದ ಹಿಂದಿನ ಆಕ್ಸಲ್‌ಗೆ ಬರೋ ರಬ್ಬರ್ ಹೋಸನ್ನ ಹೋಸ್ ಕ್ಲಾಂಪ್‌ನಿಂದ ಹಿಡಿದು ಪೆಡಲ್ ಒತ್ತಿ. ಸ್ಟೀಲ್ ಜಾಲರಿ ಹೋಸ್ ಆದ್ರೆ ಹಿಡೀಬೇಡಿ, ಒಳಗೆ ಮುರಿಯುತ್ತೆ. ಮೊದಲ ಒತ್ತಿಗೇ ಪೆಡಲ್ ಕೆಳಗಿಳೀದೆ ಗಟ್ಟಿಯಾದ್ರೆ ತೊಂದರೆ ಹಿಂದಿದೆ.

ಕೂಪೆ30:
ರಬ್ಬರ್ ಹೋಸೇ. ಹಿಡಿದ ತಕ್ಷಣ ಪೆಡಲ್ ಮೇಲೇ ಗಟ್ಟಿ! ಆದ್ರೆ ಶೂ ಗ್ಯಾಪ್ ತಾನಾಗೇ ಸರಿಮಾಡೋ ಸೆಲ್ಫ್ ಅಡ್ಜಸ್ಟರ್ ಇದೆಯಲ್ಲ?

ಡ್ರಮ್_ಪ್ರೇಮಿ:
ಅದು ರಿವರ್ಸ್‌ನಲ್ಲಿ ಬ್ರೇಕ್ ಹಿಡಿದಾಗ ಮಾತ್ರ ತಿರುಗುತ್ತೆ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿದ್ರೆ ಶೂ ಮೇಲಿನ ಆಂಕರ್ ಪಿನ್‌ಗೆ ಕೂರಲ್ಲ, ಅಡ್ಜಸ್ಟರ್ ಕೆಲಸ ಮಾಡಲ್ಲ. ಕೇಬಲ್ ಪೂರ್ತಿ ಸಡಿಲ ಮಾಡಿ. ಚಿಕ್ಕ ಲೈನಿಂಗ್ ಶೂ ಮುಂದೆ, ಉದ್ದದ್ದು ಹಿಂದೆ ಇದೆಯಾ ನೋಡಿ. ಅಡ್ಜಸ್ಟರ್‌ನ ಹಲ್ಲಿನ ಚಕ್ರ, ಅಂದ್ರೆ ಸ್ಟಾರ್ ವೀಲ್ ತಿರುಗಿಸಿ, ಡ್ರಮ್ ಕೈಯಲ್ಲಿ ತಿರುಗಿಸಿದಾಗ ಹಗುರವಾಗಿ ಉಜ್ಜೋವರೆಗೆ. ಕೇಬಲ್ ಬಿಗಿ ಮಾಡೋದು ಕೊನೆಗೆ.

ಕೂಪೆ30:
ಕೇಬಲ್ ತಂತಿ ಥರ ಬಿಗಿ ಇತ್ತು, ಎರಡೂ ಕಡೆ ಸ್ಟಾರ್ ವೀಲ್ ಪೂರ್ತಿ ಒಳಗಿತ್ತು. ಈಗ ಪೆಡಲ್ ಮೂರನೇ ಒಂದು ಭಾಗಕ್ಕೇ ನಿಲ್ಲುತ್ತೆ. ಆದ್ರೂ ಕಾಲಿಗೆ ಭಾರ. ಅದಕ್ಕೆ ಬೂಸ್ಟರ್?

ನಿಕಲ್_ಪೈಪ್:
ಬೂಸ್ಟರ್ ಚೆನ್ನಾಗಿ ಕೆಲಸ ಮಾಡೋಕೆ ಎಂಜಿನ್‌ನಿಂದ ಸುಮಾರು 18 ಇಂಚು (ಪಾದರಸದ ಅಳತೆಯಲ್ಲಿ) ವ್ಯಾಕ್ಯೂಮ್ ಬೇಕು. ಎಂಜಿನ್ ವಾಲ್ವ್ ತೆರೆಯೋ ಕ್ಯಾಮ್ ದೊಡ್ಡದಿದ್ರೆ ಐಡಲ್‌ನಲ್ಲಿ ಅಷ್ಟು ಬರಲ್ಲ. ಮೊದಲು ಮಾಸ್ಟರ್ ಸಿಲಿಂಡರ್‌ನ ಬೋರ್ (ಒಳವ್ಯಾಸ) ಲೆಕ್ಕ ಹಾಕಿ: ಬಲವನ್ನ ಆರು ಪಟ್ಟು ಮಾಡೋ 6:1 ಪೆಡಲ್‌ಗೆ 100 ಪೌಂಡ್ ಒತ್ತಿದ್ರೆ 1 ಇಂಚು ಬೋರ್‌ನಲ್ಲಿ ಸುಮಾರು 764 ಪಿಎಸ್‌ಐ, 7/8ರಲ್ಲಿ ಸುಮಾರು 998. ಬದಲಿಗೆ ಪೆಡಲ್ ಓಟ 30 ಶೇಕಡಾದಷ್ಟು ಜಾಸ್ತಿ. ಶೂ ಸರಿಯಾಗಿರೋದ್ರಿಂದ ಆ ಓಟ ಈಗ ನಿಮಗಿದೆ. ಪೆಡಲ್‌ನಿಂದ ಸಿಲಿಂಡರ್ ತಳ್ಳೋ ಪುಶ್‌ರಾಡ್‌ನಲ್ಲಿ 1 ಮಿ.ಮೀ. ಸಡಿಲ ಬಿಡಿ. ಇಲ್ಲದಿದ್ರೆ ಆಯಿಲ್ ವಾಪಸ್ ಹೋಗೋ ರಂಧ್ರ ಮುಚ್ಚಿ ಬ್ರೇಕ್ ತಾನಾಗೇ ಹಿಡಿಯುತ್ತೆ.

ಹೈಬಾಯ್_32:
ನನ್ನ ರೋಡ್‌ಸ್ಟರ್‌ಗೆ ನಾಲ್ಕೂ ಡಿಸ್ಕ್, 7 ಇಂಚಿನ ಬೂಸ್ಟರ್. ಒಂದು ಬೆರಳಲ್ಲಿ ಬ್ರೇಕ್ ಹಿಡಿಯುತ್ತೆ.

ಡ್ರಮ್_ಪ್ರೇಮಿ:
ಸೌಂಡಿಗೆ ಅಂದ್ರೆ ಫ್ಲೋರಿಗೆ 2 ಮಿ.ಮೀ. ಬ್ಯೂಟೈಲ್ ಶೀಟ್ (ನಡುಕ ತಡೆಯೋ ಅಂಟು ರಬ್ಬರ್ ಹಾಳೆ). ತಗಡು ನಡುಗೋ ಕಡೆ ಅರ್ಧ ಭಾಗ ಅಂಟಿಸಿದ್ರೆ ಸಾಕು, ಪೂರ್ತಿ ಹಚ್ಚಿದ್ರೆ ಬರೀ ತೂಕ. ಅದರ ಮೇಲೆ ನೀರು ಹೀರದ ಫೋಮ್. ಶಾಖ ಮಾತ್ರ ಒಳಗಿಂದ ನಿಲ್ಲಲ್ಲ, ಸೈಲೆನ್ಸರ್ ಪೈಪಿಗೂ ಫ್ಲೋರಿಗೂ ನಡುವೆ ಅಲ್ಯೂಮಿನಿಯಂ ತಗಡು ಹಾಕಿ, ಎರಡೂ ಕಡೆ ಗಾಳಿ ಆಡೋಕೆ ಜಾಗ ಬಿಟ್ಟು. ಆ ಪೈಪ್ ಮಾಸ್ಟರ್ ಸಿಲಿಂಡರ್‌ನಿಂದ ಎಷ್ಟು ದೂರ ಇದೆ?

ಕೂಪೆ30:
ಎರಡು ಇಂಚು. ಬ್ಯೂಟೈಲ್ ನಾಳೆ ಅಂಟಿಸ್ತೀನಿ.

ಡ್ರಮ್_ಪ್ರೇಮಿ:
ತಡೀರಿ! ಎರಡು ಇಂಚಲ್ಲಿ ಇಳಿಜಾರಿನ ಬ್ರೇಕಿಂಗ್ ಆದ್ಮೇಲೆ ಆಯಿಲ್ ಕುದ್ದು ಪೆಡಲ್ ಮತ್ತೆ ನೆಲಕ್ಕೆ ಹೋಗುತ್ತೆ. ಆ ತಗಡು ಮೊದಲು ಸಿಲಿಂಡರ್ ಪಕ್ಕಕ್ಕೆ ಬರಲಿ. ಆಮೇಲೆ ರಿಸರ್ವಾಯರ್ (ಬ್ರೇಕ್ ಆಯಿಲ್ ಡಬ್ಬ) ನೇರಕ್ಕೆ ಫ್ಲೋರಲ್ಲಿ ಒಂದು ಮುಚ್ಚಳ ಕತ್ತರಿಸಿ, ಕೈ ತೂರೋಷ್ಟು ದೊಡ್ಡದು. ನಾಲ್ಕು ಸ್ಕ್ರೂ, ಸುತ್ತ ರಬ್ಬರ್ ಅಂಚು. ಇಲ್ಲದಿದ್ರೆ ಆಯಿಲ್ ನೋಡೋಕೂ ಸೀಟು ತೆಗೆದು ಬ್ಯೂಟೈಲ್ ಕೆರೀಬೇಕು.

ಕೂಪೆ30:
ಮುಚ್ಚಳ ಮರದ ಫ್ಲೋರಿಗೆ ಹೇಗೆ ಕೂರಿಸೋದು? ನನ್ನದು ಪ್ಲೈವುಡ್.

ಡ್ರಮ್_ಪ್ರೇಮಿ:
ಪ್ಲೈವುಡ್ ಅಂತ ಈಗ ಹೇಳ್ತೀರಲ್ಲ! ಹಾಗಾದ್ರೆ ಬ್ಯೂಟೈಲ್ ಬೇಕಿಲ್ಲ, ಫೋಮ್ ಸಾಕು. ತಗಡಿನ ಫ್ರೇಮ್ ಮಾಡಿ ಪ್ಲೈವುಡ್ ಕೆಳಗಿಂದ ಟಿ-ನಟ್ (ಮರದಲ್ಲಿ ಕಚ್ಚಿ ಕೂರೋ ನಟ್) ಹಾಕಿ. ಎಷ್ಟು ದಪ್ಪ ಅದು?