ಅಪ್‌ಡೇಟ್: ಬಟ್ಟೆ ಹಗ್ಗದ ಸೂರಕ್ಕಿ ಮರಿಗಳು ಹಾರಿದವು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಸೂರಕ್ಕಿ ಗೂಡು ಕಟ್ಟಿದೆ, ಫೋಟೊ ತೆಗೆದರೆ ತಾಯಿ ಬಿಟ್ಟುಹೋಗುತ್ತದೆಯೇ ಎಂದು ಹೋದ ತಿಂಗಳು ಕೇಳಿದ್ದೆ. ಫ್ಲ್ಯಾಷ್ ಬೇಡ, ಹತ್ತಿರ ಸುಳಿಯಬೇಡಿ ಎಂದು ತಿಳಿಹೇಳಿದವರಿಗೆಲ್ಲ ಕೈಮುಗಿಯುತ್ತೇನೆ. ಎರಡು ಮರಿಗಳೂ ಮೊನ್ನೆ ಭಾನುವಾರ ಹಾರಿಹೋದವು.

ಕಿಟಕಿ ಪರದೆಯ ಸಂದಿನಿಂದಲೇ ಜೂಮ್ ಮಾಡಿ ತೆಗೆದೆ. ಅಮ್ಮ ಅಷ್ಟೂ ದಿನ ಬಟ್ಟೆಯನ್ನು ತಾರಸಿಯಲ್ಲಿ ಒಣಹಾಕಿದರು. ದೂರದಿಂದ ಕಸದ ಗೊಂಚಲಿನಂತೆ ಕಂಡದ್ದನ್ನು ಚಿತ್ರದಲ್ಲಿ ಹಿಗ್ಗಿಸಿ ನೋಡಿ ಬೆರಗಾದೆ. ಒಣ ತೊಗಟೆಯ ಚೂರು, ನಾರು, ಎಲೆಯ ತುಣುಕು, ಎಲ್ಲವನ್ನೂ ಜೇಡರ ಬಲೆಯ ಎಳೆಯಿಂದ ಬಿಗಿದಿದೆ. ಪಕ್ಕದಲ್ಲೊಂದು ಬಾಗಿಲು, ಅದರ ಮೇಲೆ ಮಳೆ ತಡೆಯುವಂಥ ಪುಟ್ಟ ಸೂರು! ಕಟ್ಟಿದ್ದೂ ಸುಮಾರು ಎರಡು ವಾರ ಕಾವು ಕೊಟ್ಟಿದ್ದೂ ಹೆಣ್ಣು ಹಕ್ಕಿಯೇ. ಮರಿಗಳಾದ ಮೇಲೆ ಹಳದಿ ಹೊಟ್ಟೆಯ ಗಂಡು ಕೂಡ ಗುಟುಕು ತರತೊಡಗಿತು. ಹೂವಿನ ಮಕರಂದ ಹೀರುವ ಹಕ್ಕಿ ಮರಿಗಳಿಗೆ ಮಾತ್ರ ಜೇಡ, ಹುಳುಗಳನ್ನು ತರುತ್ತಿತ್ತು. ಕೊಕ್ಕಿನಲ್ಲಿ ಜೇಡದ ಕಾಲು ಅಲುಗುತ್ತಿರುವ ಒಂದು ಚಿತ್ರ ನನಗೆ ಎಲ್ಲಕ್ಕಿಂತ ಪ್ರಿಯ.

ಗೂಡನ್ನು ತೆಗೆದಿಲ್ಲ. ಬಟ್ಟೆಗೆ ಬೇರೆ ಹಗ್ಗ ಕಟ್ಟಿದ್ದೇವೆ.