ಟ್ರ್ಯಾಕ್ ಇಲ್ಲದ ಕಂಠೀರವ: 98ರ ಬ್ಯಾಚ್ ಗುಂಪಿನಲ್ಲಿ ಭಾನುವಾರದ ಜಗಳ

ಗಿರಿ: (ಚಿತ್ರ, ಹಲವು ಸಲ ಫಾರ್ವರ್ಡ್ ಆಗಿದೆ) ನೋಡ್ರಪ್ಪಾ, ಕಂಠೀರವ ಸ್ಟೇಡಿಯಂ ರಿಪೇರಿ ಮಾಡಿದರೆ ಹೀಗೆ ಮಾಡಬೇಕು. ಟ್ರ್ಯಾಕ್ ಇಲ್ಲ. ಗ್ಯಾಲರಿ ಹುಲ್ಲಿನ ಪಕ್ಕದಲ್ಲೇ. ಇದನ್ನು ಮಾಡಿದವರ ಕೈಗೆ ಚಿನ್ನದ ಕಡಗ ತೊಡಿಸಬೇಕು.

ಸುಮಾ: ಯಾರ ಕೈಗೋ? ಎಐ ಮಾಡಿದ ಚಿತ್ರ ಅದು. ಗೋಲ್‌ಪೋಸ್ಟ್ ಎಣಿಸು, ಮೂರಿವೆ.

ಗಿರಿ: ಮೂರನೇದು ಶೋಭಾ ಮಗಳ ಹೈಜಂಪ್‌ಗೆ ಇರಲಿ ಬಿಡು.

ಶೋಭಾ: ನನ್ನ ಮಗಳು 400 ಮೀಟರ್ ಓಡುತ್ತಾಳೆ ಕಣೋ. ಅವಳು ಓಡುವ ಜಾಗವನ್ನೇ ನಿನ್ನ ಚಿತ್ರ ನುಂಗಿದೆ.

ಗಿರಿ: ಕೋಪ ಮಾಡ್ಕೋಬೇಡ, ಲೆಕ್ಕ ಕೇಳು. 400 ಮೀಟರ್ ಟ್ರ್ಯಾಕಿನ ಒಳಗಿನ ಜಾಗ ಉದ್ದಕ್ಕೆ ಸುಮಾರು 157 ಮೀಟರ್. ಫುಟ್‌ಬಾಲ್ ಮೈದಾನ 105. ಅಂದರೆ ಒಂದೊಂದು ಗೋಲ್ ಹಿಂದೆಯೂ 26 ಮೀಟರ್ ಖಾಲಿ. ಅದರಾಚೆ ಎಂಟು ಲೇನ್, ಒಂದೊಂದು 1.22 ಮೀಟರ್, ಅಲ್ಲಿಗೆ ಇನ್ನೂ ಹತ್ತು ಹೋಯಿತು. ಮೊದಲ ಸಾಲಿನಲ್ಲಿ ಕೂತವನೂ ಗೋಲಿನಿಂದ 36 ಮೀಟರ್ ದೂರ. ಆ ತುದಿಯಲ್ಲಿ ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ಪಕ್ಕದವನ ಮುಖ ನೋಡಿ ತಿಳ್ಕೋಬೇಕು.

ಮಂಜು: ಕಾಲೇಜಲ್ಲಿ ಹೀಗೆ ಲೆಕ್ಕ ಮಾಡಿದ್ದರೆ ಗಣಿತ ಒಂದೇ ಸಲಕ್ಕೆ ಪಾಸಾಗುತ್ತಿತ್ತು.

ಗಿರಿ: ಕಾರ್ನರ್ ಕಡೆ ಇನ್ನೊಂದು ತಮಾಷೆ. ಅಲ್ಲಿ ಬಾವುಟದಿಂದ ಟ್ರ್ಯಾಕಿಗೆ ಒಂದೇ ಒಂದು ಮೀಟರ್. ಕಿಕ್ ಹೊಡೆಯುವವನು ಓಡಿ ಬರಬೇಕು ಅಂದರೆ ಟ್ರ್ಯಾಕ್ ಮೇಲೇ ನಿಲ್ಲಬೇಕು.

ಶೋಭಾ: ಎಂಥ ಬೂಟು ಹಾಕಿಕೊಂಡು ನಿಲ್ಲುತ್ತಾನೆ ಅದನ್ನೂ ಹೇಳು. ಸ್ಟಡ್ ಇರುವ ಬೂಟು. ಸಿಂಥೆಟಿಕ್ ಟ್ರ್ಯಾಕ್ ಅಂದರೆ ನಿಮಗೆಲ್ಲ ಕೆಂಪು ಬಣ್ಣ ಬಳಿದ ರಸ್ತೆ ಅಂತ ಅನಿಸುತ್ತೆ ಅಲ್ವಾ? ಆ ರಬ್ಬರ್ ಪದರ ಒಂದು ಬೆರಳಿನಷ್ಟು ದಪ್ಪ, ಅಷ್ಟೇ. ಅದರ ಮೇಲೆ ಜಾಹೀರಾತು ಬೋರ್ಡ್ ಎಳೆದಾಡಿ, ಕ್ಯಾಮೆರಾ ಸಾಮಾನಿನ ವ್ಯಾನ್ ಹತ್ತಿಸಿದರೆ ಯಾವ ಟ್ರ್ಯಾಕ್ ಆದರೂ ಕೆಳಗಿನಿಂದ ಬಿಟ್ಟುಕೊಳ್ಳುತ್ತದೆ. ಸಂದಿಗೆ ನೀರು ಇಳಿಯುತ್ತದೆ, ದೋಸೆ ಉಬ್ಬಿದ ಹಾಗೆ ಉಬ್ಬುತ್ತದೆ. ತಿರುವಿನಲ್ಲಿ ಜೋರಾಗಿ ಬರುವ ಹುಡುಗಿಯ ಸ್ಪೈಕ್ ಅಲ್ಲಿ ಸಿಕ್ಕಿಕೊಂಡರೆ ಮೊಣಕಾಲು ಅಲ್ಲಿಗೆ ಮುಗೀತು. ನಾನು ಸುಮ್ನೆ ಹೇಳುತ್ತಿಲ್ಲ. ನಾನು ಓಡುತ್ತಿದ್ದ ಮಣ್ಣಿನ ಟ್ರ್ಯಾಕಲ್ಲಿ ಕ್ರಿಕೆಟ್ ಹುಡುಗರು ಒಂದನೇ ಲೇನಿನಲ್ಲೇ ಸ್ಟಂಪ್ ನೆಡುತ್ತಿದ್ದರು. ಆ ತೂತಲ್ಲಿ ಕಾಲು ಹೊರಳಿ, ಪಾದ ಊದಿ, ಯೂನಿವರ್ಸಿಟಿ ಮೀಟ್ ತಪ್ಪಿತು. ಸೈಕಲ್ ಹಿಂದೆ ಕೂರಿಸಿಕೊಂಡು ಡಾಕ್ಟರ್ ಹತ್ತಿರ ಕರ್ಕೊಂಡು ಹೋದವಳು ಸುಮಾ.

ಸುಮಾ: ದಾರಿಯಲ್ಲಿ ಒಂದು ಸಲ ಬೀಳಿಸಿದೆ ಕೂಡ. ಅದನ್ನು ಹೇಳಲಿಲ್ಲ, ಥ್ಯಾಂಕ್ಸ್.

ನವೀನ: ಲಂಡನ್ನಿನಿಂದ ಒಂದು ಮಾತು. ಇಲ್ಲಿ 2012ರ ಒಲಿಂಪಿಕ್ಸ್ ಸ್ಟೇಡಿಯಂಗೆ 2016ರಲ್ಲಿ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ ಬಂತು. ಟ್ರ್ಯಾಕ್ ತೆಗೆಯಲಿಲ್ಲ. ಕೆಳಗಿನ ಸೀಟುಗಳನ್ನು ಟ್ರ್ಯಾಕ್ ಮೇಲೆ ತಂದು ಕೂರಿಸುತ್ತಾರೆ, ಬೇಸಿಗೆಯಲ್ಲಿ ಅಥ್ಲೆಟಿಕ್ಸ್ ಇದ್ದಾಗ ಹಿಂದಕ್ಕೆ ಸರಿಸುತ್ತಾರೆ. ಆ ಸರಿಸಾಟಕ್ಕೇ ಕೋಟಿಗಟ್ಟಲೆ ಖರ್ಚು. ಇಷ್ಟೆಲ್ಲ ಮಾಡಿದರೂ ಕ್ಲಬ್ಬಿನ ಹಳೇ ಮೈದಾನ ಅಪ್ಟನ್ ಪಾರ್ಕ್ ಕಂಡ ಹಳೇ ಫ್ಯಾನ್‌ಗಳು ಇನ್ನೂ ಗೊಣಗುತ್ತಾರೆ, ಅಲ್ಲಿ ಆಟಗಾರನ ಉಸಿರು ಕೇಳುತ್ತಿತ್ತು ಅಂತ.

ಗಿರಿ: ನಮಗೂ ಅದೇ ಮಾಡಲಿ. ಸರಿಸುವ ಸೀಟು.

ಮಂಜು: ಬಸ್‌ಸ್ಟ್ಯಾಂಡಿನ ಕುರ್ಚಿಗೆ ಬೋಲ್ಟ್ ಹಾಕಿದರೂ ನಿಲ್ಲಲ್ಲ, ಇವನಿಗೆ ಸರಿಸುವ ಸೀಟಂತೆ.

ಗಿರಿ: ನಗಾಡಿ. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೋಹರ್ ಕ್ಲಬ್‌ನವರನ್ನು 3-1ರಲ್ಲಿ ಕಳಿಸಿದ್ದು ಇದೇ ಮೈದಾನದಲ್ಲಿ. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತದ ಕ್ಲಬ್ ನಮ್ಮ ಬಿಎಫ್‌ಸಿ, ಬೆಂಗಳೂರು ಎಫ್‌ಸಿ. 2023ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 4-0, ಆ ಮಳೆಯಲ್ಲಿ ಸುನಿಲ್ ಛೆಟ್ರಿ ಹ್ಯಾಟ್ರಿಕ್. ಫೈನಲ್‌ನಲ್ಲಿ ಕುವೈತ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದಾಗ ಇಡೀ ಸ್ಟೇಡಿಯಂ ವಂದೇ ಮಾತರಂ ಹಾಡಿತು. ಇಷ್ಟು ಜನ ಬರುವ ಆಟಕ್ಕೆ ಒಂದು ಸ್ವಂತ ಮನೆ ಬೇಡವಾ?

ಶೋಭಾ: 2025ರ ಜುಲೈ 5ಕ್ಕೆ ಇದೇ ಕಂಠೀರವದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದರಲ್ಲ, ಆ ಜಾವೆಲಿನ್ ಎಲ್ಲಿ ಬಿತ್ತು? ನಿನ್ನ ಪೆನಾಲ್ಟಿ ಬಾಕ್ಸ್ ಇರುವ ಹುಲ್ಲಿನ ಮೇಲೇ. ಅವತ್ತು ನೀನೂ ಸ್ಟೇಟಸ್ ಹಾಕಿದ್ದೆ, ಮೂರು ಬೆಂಕಿ ಗುರುತಿನ ಜೊತೆ.

ಗಿರಿ: ಹಾಕಿದ್ದೆ. ನಾಲ್ಕು.

ಪ್ರಭಾಕರ್ ಸರ್: ಮಕ್ಕಳಾ, ಈಗಿನ ಸ್ಟೇಡಿಯಂ ಎದ್ದದ್ದು 1997ರ ನ್ಯಾಷನಲ್ ಗೇಮ್ಸ್‌ಗೆ. ನಿಮ್ಮನ್ನು ಬಸ್ಸಿನಲ್ಲಿ ಕರ್ಕೊಂಡು ಹೋಗಿದ್ದೆ. ಗಿರಿ ಓಟ ನೋಡದೆ ಹೊರಗೆ ಚುರುಮುರಿ ತಿನ್ನುತ್ತಾ ನಿಂತಿದ್ದ. ಸ್ಟೇಡಿಯಂಗೂ ಮೊದಲು ಅದು ಸಂಪಂಗಿ ಕೆರೆ. ಕರಗದ ಪೂಜೆಗೆ ಬಿಟ್ಟ ಚಿಕ್ಕ ಕೊಳ ಇವತ್ತಿಗೂ ಆವರಣದಲ್ಲೇ ಇದೆ. ಹಕ್ಕಿನ ಮಾತು ಆಡುವುದಾದರೆ ಮೊದಲು ಕರಗ, ಆಮೇಲೆ ಓಟ, ಆಮೇಲೆ ನಿನ್ನ ಚೆಂಡು.

ಗಿರಿ: ಸರ್, 28 ವರ್ಷ ಆದರೂ ಚುರುಮುರಿ ಮರೆತಿಲ್ಲವಾ?

ಪ್ರಭಾಕರ್ ಸರ್: ದುಡ್ಡು ಕೊಟ್ಟವನು ನಾನು.

ಮಂಜು: ಗಿರಿ, ನಿನಗೆ ನೆನಪಿಲ್ಲದ ಹಾಗೆ ಆಡಬೇಡ. ಈ ಎರಡು ಆಟದವರ ಜಗಳ ಹೈಕೋರ್ಟ್ ಮೆಟ್ಟಿಲು ಹತ್ತಿದೆ. 2019ರಲ್ಲಿ ಬಿಎಫ್‌ಸಿ ತವರಿನ ಪಂದ್ಯಗಳನ್ನು ಪುಣೆಯಲ್ಲಿ ಆಡುವ ಮಟ್ಟಕ್ಕೆ ಬಂದಿತ್ತು. ಈಗ ಟ್ರ್ಯಾಕೇ ಕಿತ್ತುಹಾಕಿ ಅಂದರೆ ಮತ್ತೆ ಅದೇ ಕತೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಬಗ್ಗೆ ಯಾಕೆ ಒಬ್ಬರೂ ಚಿತ್ರ ಮಾಡಲ್ಲ? 2013ರಲ್ಲಿ ಬಿಎಫ್‌ಸಿ ಶುರುವಾದದ್ದು ಅಲ್ಲೇ. ಮೊದಲ ಸೀಸನ್ನಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಐ-ಲೀಗ್ ಗೆದ್ದರು. ಟ್ರ್ಯಾಕ್ ಇಲ್ಲ, ಗೀಕ್ ಇಲ್ಲ. ನಾವಿಬ್ಬರೂ ಬೇಲಿ ಹಿಡ್ಕೊಂಡು ನಿಂತರೆ ಕೋಚ್ ಬೈದದ್ದೂ ಕೇಳುತ್ತಿತ್ತು.

ಗಿರಿ: ಅಲ್ಲಿ ನಿಜವಾದ ಹುಲ್ಲಿಲ್ಲ ಮಾರಾಯ, ಕೃತಕ ಟರ್ಫ್. ಹತ್ತು ಸಾವಿರ ಜನವೂ ಹಿಡಿಯಲ್ಲ. ಕಂಠೀರವದಲ್ಲಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ.

ಶೋಭಾ: ಅದಕ್ಕೇ ಹೇಳೋದು, ಕಂಠೀರವದಲ್ಲಿ ಟ್ರ್ಯಾಕ್ ಕೀಳುವುದಕ್ಕೆ ಸುರಿಯುವ ದುಡ್ಡನ್ನು ಅಲ್ಲಿ ಹುಲ್ಲಿಗೆ, ಗ್ಯಾಲರಿಗೆ ಸುರಿಯಲಿ. ಟ್ರ್ಯಾಕ್ ಒಂದು ಸಲ ಹೋದರೆ ಊರ ಮಧ್ಯೆ ಇನ್ನೊಂದಕ್ಕೆ ಜಾಗ ಎಲ್ಲಿದೆ? ಫುಟ್‌ಬಾಲ್‌ಗೆ ಎರಡನೇ ಮನೆ ಇದೆ, ಸುಣ್ಣ ಬಣ್ಣ ಮಾಡಬೇಕು ಅಷ್ಟೇ. ನಮಗೆ ಇರೋದೇ ಇದು.

ನವೀನ: ಇದಕ್ಕೆ ನಾನು ಶೋಭಾ ಪಕ್ಷ.

ಗಿರಿ: ನೀನು ಇಲ್ಲಿ ಟಿಕೆಟ್ ತಗೊಳ್ಳೋನೇ ಅಲ್ಲ, ನಿನಗೆ ಓಟಿಲ್ಲ.

(ಇಪ್ಪತ್ತು ನಿಮಿಷ ಗುಂಪು ಸುಮ್ಮನಿತ್ತು.)

ಗಿರಿ: (ಚಿತ್ರ) ತಗೊಳ್ಳಿ. ಅಶೋಕನಗರ. ಹುಲ್ಲು, ನಾಲ್ಕೂ ಕಡೆ ಗ್ಯಾಲರಿ, ಹೊನಲು ಬೆಳಕು. ನಾನೇ ಮಾಡಿದೆ, ಐದು ಸಲ ಪ್ರಯತ್ನಪಟ್ಟು.

ಸುಮಾ: ಗೋಲ್‌ಕೀಪರ್‌ಗೆ ಮೂರು ಕೈ ಇದೆ ಕಣೋ.

ಗಿರಿ: ಇರಲಿ ಬಿಡು, ಪೆನಾಲ್ಟಿಗೆ ಬೇಕಾಗುತ್ತೆ.