ಮಗ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾನೆ, ಮಾತು ಎಲ್ಲಿಂದ ಶುರು ಮಾಡಲಿ?

ಮಂಡಿಪೇಟೆ ಗುಮಾಸ್ತ, ದಾವಣಗೆರೆ

ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಮಗನಿಗೆ ಈಗ 23 ವರ್ಷ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಮೂರು ವಿಷಯ ಬಾಕಿ ಉಳಿದಿದ್ದವು. ಎರಡನ್ನು ಪಾಸು ಮಾಡಿಕೊಂಡ, ಒಂದು ಹಾಗೆಯೇ ಇದೆ. ಎಂಟು ತಿಂಗಳಿಂದ ರಾತ್ರಿ ಮೂರರವರೆಗೆ ಮೊಬೈಲ್ ಹಿಡಿದಿದ್ದು ಮಧ್ಯಾಹ್ನ ಏಳುತ್ತಾನೆ, ಊಟದ ತಟ್ಟೆಯನ್ನು ಕೋಣೆಗೇ ಒಯ್ಯುತ್ತಾನೆ. ನೆಂಟರು ಬಂದರಂತೂ ಹೊರಗೆ ಮುಖ ತೋರಿಸುವುದಿಲ್ಲ, ಏಕೆಂದರೆ ಬಂದವರು ಚಪ್ಪಲಿ ಬಿಡುವ ಮೊದಲೇ ‘ಎಲ್ಲಿ ಕೆಲಸ, ಎಷ್ಟು ಸಂಬಳ’ ಎಂದು ಕೇಳುತ್ತಾರೆ.

ಹೋದ ತಿಂಗಳು ಸಿಟ್ಟಿನಲ್ಲಿ ‘ನಿನ್ನ ವಯಸ್ಸಿಗೆ ನಾನು ಮನೆ ನಡೆಸುತ್ತಿದ್ದೆ’ ಎಂದುಬಿಟ್ಟೆ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಇದು ಸೋಮಾರಿತನವೋ ಕಾಯಿಲೆಯೋ ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ದುರ್ಗದ ಮೇಷ್ಟ್ರು

ಯಜಮಾನರೇ, ಚಿತ್ರದುರ್ಗದಲ್ಲಿ ಪಿಯು ವಿದ್ಯಾರ್ಥಿಗಳಿಗೆ ಪಾಠ ಹೇಳುವವನು ನಾನು. ನೀವು ಆಡಿದ ಆ ಒಂದು ಮಾತಿನ ಬಗ್ಗೆ ಮೊದಲು ಹೇಳಬೇಕು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಹತ್ತನೇ ತರಗತಿ ದಾಟದ ಹುಡುಗನೂ ಹತ್ತಿ ಗಿರಣಿಯ ಗೇಟಿನೊಳಗೆ ಹೋಗಿ, ಸೈರನ್ನಿಗೆ ಸರಿಯಾಗಿ ಹೊರಬಂದು, ತಿಂಗಳ ಕೊನೆಗೆ ಮನೆಗೆ ಸಂಬಳ ತರುತ್ತಿದ್ದ. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಆ ಗೇಟುಗಳೆಲ್ಲ ಮುಚ್ಚಿದವು, ಆದರೆ ‘ಗಂಡುಮಗ ಇಷ್ಟರೊಳಗೆ ದುಡಿಯಬೇಕು’ ಎಂಬ ಗಡುವನ್ನು ನಾವು ಒಂದು ವರ್ಷವೂ ಮುಂದಕ್ಕೆ ಹಾಕಲಿಲ್ಲ. ಹುಡುಗರು ಹಿಂದೆ ಬೀಳುವುದು ಶಾಲೆಯಲ್ಲಿಯೇ ಶುರುವಾಗುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಬಾಲಕಿಯರ ಉತ್ತೀರ್ಣ ಪ್ರಮಾಣ ಶೇ. 81.11 ಇದ್ದರೆ ಬಾಲಕರದು ಶೇ. 65.90. ಹೆಣ್ಣುಮಕ್ಕಳು ಓದಿದ್ದರಿಂದ ಹುಡುಗರು ಕೆಟ್ಟರು ಎಂದು ವಾದಿಸುವವರೂ ಇದ್ದಾರೆ, ಅದು ಶುದ್ಧ ಮೂರ್ಖತನ. ನನ್ನ ತರಗತಿಯಲ್ಲಿ ಕಂಡದ್ದಿಷ್ಟೇ: ಹುಡುಗಿಗೆ ಲೆಕ್ಕ ಬಾರದಿದ್ದರೆ ಗೆಳತಿಯನ್ನು ಕೇಳುತ್ತಾಳೆ, ಹುಡುಗ ಹಿಂದಿನ ಬೆಂಚಿಗೆ ಹೋಗಿ ನಗಾಡುತ್ತಾನೆ.

ಇನ್ನೊಂದು ಮಾತು. ಆ ಒಂದು ವಿಷಯ ಪಾಸಾಗದೆ ಪದವಿ ಕೈಗೆ ಬರುವುದಿಲ್ಲ, ಪದವಿ ಇಲ್ಲದೆ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯ ಮೂರು ಸಾವಿರವೂ ಸಿಗುವುದಿಲ್ಲ. ಅವನಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಮತ್ತೆ ನೆನಪಿಸಬೇಡಿ.

ಚಳ್ಳಕೆರೆ ಹುಡುಗ

ಅಂಕಲ್, ನನಗೆ 27 ವರ್ಷ. ನಾಲ್ಕು ವರ್ಷಗಳ ಹಿಂದೆ ನಾನೂ ಹೀಗೆಯೇ ಕೋಣೆ ಹಿಡಿದಿದ್ದೆ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡಲು ಹೋಗಿ, ಸೋತದ್ದನ್ನು ತುಂಬಿಕೊಳ್ಳಲು ಸಾಲದ ಆ್ಯಪ್‌ಗಳಿಂದ ಹಣ ಎತ್ತಿ, ಅವರ ಫೋನಿಗೆ ಹೆದರಿ ಹಗಲು ಮಲಗಿ ರಾತ್ರಿ ಎದ್ದಿರುತ್ತಿದ್ದೆ. ಅಂಥ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿತು, ಆದರೆ ಹಳೆಯ ಸಾಲ ಕಾನೂನು ಬಂದ ಕೂಡಲೇ ಮಾಯವಾಗುವುದಿಲ್ಲ. ನಿಮ್ಮ ಮಗನದು ಇದೇ ಎನ್ನುತ್ತಿಲ್ಲ. ರಾತ್ರಿ ಎಚ್ಚರವಿರುವುದಕ್ಕೆ ನಾಚಿಕೆಯ ಕಾರಣವೂ ಇರಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ನಮ್ಮ ಅಪ್ಪಾಜಿ ಎದುರು ಕೂರಿಸಿಕೊಂಡು ಕೇಳಿದಾಗಲೆಲ್ಲ ನಾನು ಸುಳ್ಳು ಹೇಳಿದೆ. ಒಂದು ದಿನ ಬೋರ್‌ವೆಲ್ ಮೋಟಾರು ಸುಟ್ಟಿತೆಂದು, ಅದನ್ನು ಗಾಡಿಗೆ ಹೇರಿ, ರಿವೈಂಡಿಂಗ್ ಮಾಡಿಸಲು ನನ್ನನ್ನೂ ಕರೆದುಕೊಂಡು ಹೋದರು. ಇಬ್ಬರ ಕಣ್ಣೂ ರಸ್ತೆಯ ಮೇಲಿತ್ತು. ಅರ್ಧ ದಾರಿಯಲ್ಲಿ ನಾನೇ ಬಾಯಿ ಬಿಟ್ಟೆ. ಅವರು ಗಾಡಿ ನಿಲ್ಲಿಸಲಿಲ್ಲ, ಬೈಯಲೂ ಇಲ್ಲ, ‘ಒಟ್ಟು ಎಷ್ಟು’ ಎಂದು ಮಾತ್ರ ಕೇಳಿದರು.

ಹರಿಹರದ ಸಿಸ್ಟರ್

ಅಣ್ಣಾ, ನಾನು ಆಸ್ಪತ್ರೆಯ ಕೆಲಸದಲ್ಲಿರುವವಳು. ಸೋಮಾರಿತನವೋ ಕಾಯಿಲೆಯೋ ಎಂದು ಕೇಳಿದ್ದೀರಿ. ಬೇಸರ ಎರಡು ವಾರ ದಾಟಿಯೂ ಬಿಡದಿದ್ದರೆ, ನಿದ್ದೆ ಊಟ ಏರುಪೇರಾಗಿ ಮೊದಲು ಇಷ್ಟವಿದ್ದ ಕ್ರಿಕೆಟ್ಟು ಗೆಳೆಯರು ಯಾವುದೂ ಬೇಡವಾದರೆ, ಅದನ್ನು ಖಿನ್ನತೆ ಎಂದು ಅನುಮಾನಿಸಿ ವೈದ್ಯರಿಗೆ ತೋರಿಸಬೇಕು. ನಿಮ್ಮಲ್ಲಿ ಎಂಟು ತಿಂಗಳಾಗಿದೆ. ಹುಡುಗರಲ್ಲಿ ಇದು ಅಳುವಾಗಿ ಕಾಣಿಸುವುದು ಕಡಿಮೆ. ‘ಗಂಡಸಾಗಿ ಅಳುತ್ತೀಯಾ’ ಎಂದು ಐದನೇ ವಯಸ್ಸಿನಿಂದ ಗದರಿಸಿ ಬೆಳೆಸಿರುತ್ತೇವೆ, ಹಾಗಾಗಿ ಸಿಟ್ಟು, ಕುಡಿತ, ಬೈಕಿನ ವೇಗ ಅಥವಾ ಮೌನವಾಗಿ ಹೊರಬರುತ್ತದೆ. ದೇಶದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಜನರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ‘ಬದುಕೇ ಬೇಡ ಅನ್ನಿಸುತ್ತದೆಯೇ’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಎಷ್ಟೋ ಮಕ್ಕಳಿಗೆ ಯಾರೋ ಕೇಳಿದರಲ್ಲ ಎಂದು ಎದೆ ಹಗುರವಾಗುತ್ತದೆ. ಹೌದೆಂದರೆ ಒಬ್ಬನನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ನಿಮ್ಮೂರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮೊದಲು ನೀವೇ ಕರೆ ಮಾಡಿ, ತಂದೆ ತಾಯಿ ಕೇಳಿದರೂ ದಾರಿ ತೋರಿಸುತ್ತಾರೆ.

ಮಂಡಿಪೇಟೆ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ‘ಕಣ್ಣು ಮಂಜಾಗಿದೆ, ಗಾಡಿ ನೀನು ಓಡಿಸು’ ಎಂದು ಅರ್ಧ ಸುಳ್ಳು ಹೇಳಿ ಕುಂದುವಾಡ ಕೆರೆಯವರೆಗೆ ಕರೆದುಕೊಂಡು ಹೋದೆ. ಏರಿಯ ಮೇಲೆ ನಡೆಯುತ್ತಾ, ಆ ದಿನ ನಾನು ಆಡಿದ್ದು ತಪ್ಪೆಂದು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಸಿಸ್ಟರ್ ಹೇಳಿದ ಪ್ರಶ್ನೆಯನ್ನು ಕೇಳಲು ಧೈರ್ಯ ಸಾಲದೆ ಎರಡು ಸುತ್ತು ಹಾಕಿದೆ, ಕೊನೆಗೂ ಕೇಳಿದೆ. ‘ಅಷ್ಟು ದೂರ ಹೋಗಿಲ್ಲ ಅಪ್ಪಾಜಿ, ಆದರೆ ಬೆಳಿಗ್ಗೆ ಏಳುವುದು ಯಾಕೆ ಅನ್ನಿಸುತ್ತದೆ’ ಎಂದ. ಸೋಮವಾರ ಆಸ್ಪತ್ರೆಗೆ ಬರಲು ಒಪ್ಪಿದ್ದಾನೆ, ಅವನ ತಾಯಿಗೆ ತಿಳಿಸಬಾರದೆಂಬ ಷರತ್ತಿನ ಮೇಲೆ. ಈ ಷರತ್ತಿಗೆ ಒಪ್ಪಬಹುದೇ?

ಹರಿಹರದ ಸಿಸ್ಟರ್

ಈಗ ಒಪ್ಪಿಕೊಳ್ಳಿ, ಅಣ್ಣಾ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂದು ಕೇಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಅವನಿಗೆ ಕೊಟ್ಟಿದೆ. ಆದರೆ ಪ್ರಾಣಕ್ಕೆ ಅಪಾಯ ಎನಿಸಿದ ದಿನ ಮಾತ್ರ ಗುಟ್ಟು ಇಟ್ಟುಕೊಳ್ಳುವುದಿಲ್ಲ ಎಂಬುದನ್ನು ಅವನಿಗೆ ಮೊದಲೇ ಹೇಳಿಬಿಡಿ. ಸೋಮವಾರ ಹೊರರೋಗಿ ವಿಭಾಗದಲ್ಲಿ ನೂಕುನುಗ್ಗಲು ಇರುತ್ತದೆ, ಬೇಗ ಹೋಗಿ ಚೀಟಿ ಮಾಡಿಸಿ. ವೈದ್ಯರ ಕೋಣೆಯೊಳಗೆ ಅವನೊಬ್ಬನೇ ಹೋಗಲಿ, ನೀವು ಹೊರಗಿನ ಬೆಂಚಿನಲ್ಲಿ ಕುಳಿತಿರಿ.